ನವಿಲುಗುಡ್ಡದ ಊರು ನವಲಗುಂದ

ಹುಬ್ಬಳ್ಳಿಯಿಂದ ವಿಜಯಪುರದ ದಾರಿ ಹಿಡಿದ ಬಸ್ಸು ಕೇಶ್ವಾಪುರದ ಮನೆಗಳ ಸಾಲನ್ನು ಹಿಂದಕ್ಕೆ ಹಾಕಿ ಕುಸುಗಲ್ಲನ್ನು ದಾಟಿತೆಂದರೆ ಪ್ರಯಾಣಿಕನ ಕಣ್ಣೆದುರು ಬೇರೊಂದು ನಾಡೇ ತೆರೆದುಕೊಳ್ಳುತ್ತದೆ. ಏರಿಲ್ಲ, ಇಳಿಜಾರಿಲ್ಲ; ತೋಪಿಲ್ಲ, ಕಾಡಿಲ್ಲ. ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ಆ ನೆಲದ ಮೇಲೆ ಋತುವಿಗೊಂದು ಬಣ್ಣದ ಬೆಳೆ. ಬೆಳೆಯ ಅಂಚಿಗೆ ಬಾಗಿದ ಆಕಾಶ. ದಾರಿಯ ಬದಿಯ ಬೇವು ಜಾಲಿಗಳನ್ನು ಬಿಟ್ಟರೆ ನೋಟಕ್ಕೆ ಅಡ್ಡಬರುವ ವಸ್ತುವೇ ಇಲ್ಲ. ಸಹ್ಯಾದ್ರಿಯ ಸೆರಗಿನಲ್ಲಿರುವ ಕಲಘಟಗಿಯೂ ಇದೇ ಧಾರವಾಡ ಜಿಲ್ಲೆಗೆ ಸೇರಿದ್ದೆಂದರೆ ಹೊಸಬರು ನಂಬುವುದು ಕಷ್ಟ. ಅಲ್ಲಿ ಬತ್ತದ ಗದ್ದೆ, ಸಾಗವಾನಿಯ ಕಾಡು, ಹಂಚಿನ ಮನೆ. ಇಲ್ಲಿ ಜೋಳದ ಹೊಲ, ಬಯಲುಗಾಳಿ, ಮಣ್ಣಿನ ಮಾಳಿಗೆಯ ಮನೆ.

ಹೀಗೆ ಸುಮಾರು ೩೫ ಕಿಲೋಮೀಟರು ಸಾಗುವಷ್ಟರಲ್ಲಿ ಸಪಾಟಾದ ಬಯಲಿನ ಮೇಲೆ ಯಾರೋ ತಂದಿಟ್ಟಂತೆ ಗುಡ್ಡವೊಂದು ಕಾಣಬರುತ್ತದೆ. ಮಲೆನಾಡಿನವರು ಕಂಡರೆ ಅದನ್ನು ಗುಡ್ಡವೆನ್ನಲು ಅನುಮಾನಿಸಿಯಾರು. ಆದರೆ ಸುತ್ತಲೂ ಹತ್ತಾರು ಹರದಾರಿ ಎತ್ತರವೆಂಬುದನ್ನೇ ಅರಿಯದ ಎರೆಯ ಸೀಮೆಯಲ್ಲಿ ಅದಕ್ಕೆ ಮೇರುವಿನ ಮರ್ಯಾದೆ. ಒಂದು ಕಾಲಕ್ಕೆ ಇಲ್ಲಿ ನವಿಲುಗಳು ಹಿಂಡುಹಿಂಡಾಗಿ ಇದ್ದುದರಿಂದ ಇದು ನವಿಲಗುಂದವಾಯಿತೆಂದೂ ಜನರ ಬಾಯಲ್ಲಿ ನವಲಗುಂದವಾಗಿ ನಿಂತಿತೆಂದೂ ಹೇಳುತ್ತಾರೆ. ಗುಡ್ಡದ ಮಗ್ಗುಲಲ್ಲಿಯೇ ಊರು. ತಾಲೂಕಿನ ಕಚೇರಿ, ಪುರಸಭೆ, ಸಂತೆ, ಶಾಲೆ, ಕೃಷಿ ಉತ್ಪನ್ನದ ಮಾರುಕಟ್ಟೆ ಎಲ್ಲವೂ ಇಲ್ಲಿವೆ. ರೈಲುದಾರಿ ಮಾತ್ರ ಈ ಊರಿನ ಕಡೆಗೆ ತಿರುಗಿ ನೋಡಿಲ್ಲ. ಅದನ್ನು ಕಾಣಬೇಕಾದರೆ ಅಣ್ಣಿಗೇರಿಗೋ ಹುಬ್ಬಳ್ಳಿಗೋ ಹೋಗಬೇಕು.

ಬೆಂಕಿಯ ಗುಡ್ಡ, ನೀರಿನ ಬಯಲು

ಗುಡ್ಡದ ಬುಡದಲ್ಲಿ ಊರು ಕಟ್ಟಿಕೊಂಡು ಬಾಳುವವರು ಜಗತ್ತಿನಲ್ಲಿ ಎಷ್ಟೋ ಕಡೆ ಇದ್ದಾರೆ. ಫಿಲಿಪೈನ್ಸ್ ದೇಶದ ಆಲ್ಬಾಯ್ ಪ್ರಾಂತದಲ್ಲಿ ಮಯೋನ್ ಎಂಬ ಜ್ವಾಲಾಮುಖಿಯಿದೆ. ಸುಮಾರು ೨,೪೬೦ ಮೀಟರು ಎತ್ತರಕ್ಕೆ, ರಾಶಿ ಹಾಕಿದ ಜೋಳದಂತೆ ಚೂಪಾಗಿ ನಿಂತ ಪರ್ವತವದು. ೧೮೧೪ರ ಫೆಬ್ರವರಿ ೧ರಂದು ಅದು ಸಿಡಿದಾಗ ಬುಡದಲ್ಲಿದ್ದ ಕಗ್ಸಾವಾ ಎಂಬ ಊರು ಬೂದಿ ಬಂಡೆಗಳಡಿಯಲ್ಲಿ ಹೂತುಹೋಯಿತು. ಸುಮಾರು ೧,೨೦೦ ಜನ ಮಡಿದರು. ಅವರ ಇಗರ್ಜಿಯ ಗಂಟೆಗೋಪುರವೊಂದೇ ನೆಲದ ಮೇಲೆ ಉಳಿದು, ಇಂದಿಗೂ ದರಾಗಾ ಎಂಬ ಪಟ್ಟಣದ ಸರಹದ್ದಿನಲ್ಲಿ ನಿಂತಿದೆ. ಆದರೂ ಜನ ಆ ಸೀಮೆಯನ್ನು ಬಿಟ್ಟು ಹೋಗಲಿಲ್ಲ. ಏಕೆಂದರೆ ಊರನ್ನು ಹೂಳುವ ಆ ಬೂದಿಯೇ ಕಾಲಾಂತರದಲ್ಲಿ ಹೊಲಕ್ಕೆ ಫಲವತ್ತಾದ ಮಣ್ಣಾಗುತ್ತದೆ. ಅನ್ನ ಕೊಡುವ ಕೈಯೇ ಅಂಜಿಕೆಯನ್ನೂ ಕೊಡುವಲ್ಲಿ ಮನುಷ್ಯ ಅಂಜಿಕೊಂಡೇ ಉಣ್ಣಲು ಕಲಿಯುತ್ತಾನೆ.

ಧಾರವಾಡದ ನೆಲಕ್ಕೂ ಬೆಂಕಿಯ ನೆನಪು ಇಲ್ಲದಿಲ್ಲ. ಭೂಗರ್ಭಶಾಸ್ತ್ರಜ್ಞರು ಈ ಜಿಲ್ಲೆಯ ಹೆಸರನ್ನೇ ಇಟ್ಟು ಕರೆದ ಧಾರವಾಡ ಶಿಲೆಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿ ಆ ಕಾಲದ ಲಾವಾರಸ ಹೆಪ್ಪುಗಟ್ಟಿ ಆದ ಕಲ್ಲುಗಳು ಇಂದಿಗೂ ಸಿಗುತ್ತವೆ. ಆದರೆ ಆ ಬೆಂಕಿ ಆರಿ ಯುಗಯುಗಗಳೇ ಸಂದವು. ನವಲಗುಂದದ ಗುಡ್ಡ ಯಾರನ್ನೂ ಹೆದರಿಸುವುದಿಲ್ಲ. ಇಲ್ಲಿ ಜನರಿಗೆ ಅನ್ನವನ್ನೂ ಅಂಜಿಕೆಯನ್ನೂ ಒಟ್ಟಿಗೆ ಕೊಡುವುದು ಬೆಂಕಿಯಲ್ಲ, ನೀರು. ಬಂದರೆ ಹೆಚ್ಚಾಗಿ ಬರುವ, ಬಾರದಿದ್ದರೆ ಬಾರದೆಯೇ ಹೋಗುವ ನೀರು. ಈ ಊರಿನ ಭೂಗೋಲವನ್ನಾಗಲಿ ಇತಿಹಾಸವನ್ನಾಗಲಿ ಬಿಡಿಸಿ ನೋಡಿದರೆ ಒಳಗೆ ನೀರಿನ ಕಥೆಯೇ ಕಾಣುತ್ತದೆ.

ಎರೆಯ ಗುಣ

ಈ ಸೀಮೆಯ ಮಣ್ಣಿಗೆ ಎರೆ ಎಂದು ಹೆಸರು. ಅದರ ಸ್ವಭಾವವನ್ನು ತಿಳಿಯದವರಿಗೆ ನವಲಗುಂದ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಎರೆ ಒಣಗಿ ಸೀಳುತ್ತದೆ. ಕೆಲವು ಬಿರುಕುಗಳಲ್ಲಿ ಕೈ ಇಳಿಬಿಟ್ಟರೆ ಮೊಣಕೈ ಮುಳುಗುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಎತ್ತಿನ ಗಾಡಿಯ ಗಾಲಿ ಅದರಲ್ಲಿ ಸಿಕ್ಕಿತೆಂದರೆ ಎರಡು ಜೋಡಿ ಎತ್ತು ಹೂಡಿದರೂ ಮೇಲೇಳುವುದಿಲ್ಲ. ನಡೆದು ಹೋಗುವವನ ಕೆರವಿಗೆ ಹತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ತೂಕ ಹೆಚ್ಚಿಸಿಕೊಂಡು ಕಡೆಗೆ ಕೆರವನ್ನೇ ಕಳಚಿಕೊಳ್ಳುತ್ತದೆ. ಹೀಗೆ ಉಬ್ಬುತ್ತ ಕುಗ್ಗುತ್ತ ಇರುವ ನೆಲದ ಮೇಲೆ ಕಟ್ಟಿದ ಗೋಡೆ ಬಿರುಕು ಬಿಡುವುದೂ ಹಾಕಿದ ರಸ್ತೆ ಅಲೆಯಂತೆ ಏರಿಳಿಯುವುದೂ ಇಲ್ಲಿಯವರಿಗೆ ಹೊಸತಲ್ಲ.

ಆದರೆ ಈ ಮಣ್ಣಿಗೆ ಒಂದು ದೊಡ್ಡ ಗುಣವುಂಟು. ಒಮ್ಮೆ ಕುಡಿದ ನೀರನ್ನು ಅದು ಬೇಗನೆ ಬಿಟ್ಟುಕೊಡುವುದಿಲ್ಲ. ಮುಂಗಾರಿಯಲ್ಲಿ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆದು, ಹಿಂಗಾರಿಯಲ್ಲಿ ಬಿಳಿಜೋಳ, ಗೋದಿ, ಕಡಲೆ, ಕುಸುಬಿ ಬಿತ್ತಿದರೆ, ಆಮೇಲೆ ಆಕಾಶದಿಂದ ಒಂದು ಹನಿ ಬೀಳದಿದ್ದರೂ ಒಡಲಲ್ಲಿ ಅಡಗಿಸಿಕೊಂಡ ತೇವದಿಂದಲೇ ಬೆಳೆಯನ್ನು ಕಾಪಾಡುತ್ತದೆ. ಚಳಿಗಾಲದ ಮುಂಜಾನೆ ಈ ದಾರಿಯಲ್ಲಿ ಹೋದವರು ಆ ಚೆಲುವನ್ನು ಮರೆಯಲಾರರು. ಎಲೆಯ ಮೇಲೆ ಇಬ್ಬನಿ ಹೊತ್ತ ಕಡಲೆಯ ಹಸುರು, ನಡುವೆ ಕುಸುಬಿಯ ಹಳದಿ ಕೆಂಪು, ಎದೆಯೆತ್ತರಕ್ಕೆ ನಿಂತ ಜೋಳ! ಹಸಿ ಕಡಲೆಯ ಸುಲಗಾಯಿಯನ್ನು ಹೊರೆಗಟ್ಟಿ ಹುಬ್ಬಳ್ಳಿಯ ಪೇಟೆಗೆ ಸಾಗಿಸುವುದೂ, ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಸೀತನಿ ಮಾಡಿ ನೆಂಟರಿಷ್ಟರನ್ನು ಹೊಲಕ್ಕೆ ಕರೆಯುವುದೂ ಆಗಲೇ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬುಗಳನ್ನು ಮೊದಲು ಭೂತಾಯಿಗೆ ಚರಗವಾಗಿ ಚೆಲ್ಲಿ ಆಮೇಲೆ ತಾವು ಉಣ್ಣುತ್ತಾರೆ. ಗಾಡಿಯ ಜಾಗಕ್ಕೆ ಈಗ ಟ್ರ್ಯಾಕ್ಟರು ಬಂದಿದೆ. ಚರಗ ಮಾತ್ರ ನಿಂತಿಲ್ಲ.

ಇನ್ನು ಹತ್ತಿ. ಅಮೆರಿಕದ ಹತ್ತಿಯ ಬೀಜವನ್ನು ಇಂಗ್ಲಿಷರು ಹಿಂದೂಸ್ಥಾನದ ನಾನಾ ಕಡೆ ಬಿತ್ತಿ ಸೋತರೂ ಧಾರವಾಡದ ಎರೆಯಲ್ಲಿ ಅದು ನೆಲೆನಿಂತಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ವಿಲಾಯತಿಗೆ ಹೋಗುವುದು ನಿಂತಾಗ ಈ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಇಳಿದೂ ಹೋಯಿತು. ದೂರದ ದೇಶದ ಜಗಳಕ್ಕೆ ನವಲಗುಂದದ ರೈತನ ಅಡಿಗೆಮನೆ ತಾಳ ಹಾಕತೊಡಗಿದ್ದು ಅಂದಿನಿಂದ.

ಹೆಸರಿಗೆ ಬೆಣ್ಣೆ

ಈ ಬಯಲಿನ ನೀರನ್ನೆಲ್ಲ ಹೊತ್ತೊಯ್ಯುವುದು ಬೆಣ್ಣಿಹಳ್ಳ. ಶಿಗ್ಗಾವಿ ಸೀಮೆಯ ದುಂಡಸಿಯ ಬಳಿ ಹುಟ್ಟಿ, ಕುಂದಗೋಳ ಹುಬ್ಬಳ್ಳಿಗಳ ಹೊಲಗಳನ್ನು ಹಾಯ್ದು, ನವಲಗುಂದ ತಾಲೂಕಿನಲ್ಲಿ ತುಪ್ಪರಿಹಳ್ಳವನ್ನು ಕೂಡಿಸಿಕೊಂಡು ಉತ್ತರಕ್ಕೆ ಹರಿದು ಮಲಪ್ರಭೆಯನ್ನು ಸೇರುತ್ತದೆ. ಒಂದು ಬೆಣ್ಣೆ, ಒಂದು ತುಪ್ಪ! ಹೆಸರು ಇಟ್ಟವರು ಯಾರೋ, ಬಾಯಿ ತುಂಬ ಇಟ್ಟಿದ್ದಾರೆ. ಬೇಸಿಗೆಯಲ್ಲಿ ನೋಡಿದವರಿಗೆ ಅಲ್ಲಲ್ಲಿ ನಿಂತ ಮಡುಗಳು, ಜಾಲಿಯ ಮೆಳೆ, ಒಣಗಿದ ಕೆಸರು ಇಷ್ಟೇ ಕಾಣುತ್ತವೆ. ಇದು ಊರು ಮುಳುಗಿಸುವ ಹಳ್ಳವೆಂದರೆ ನಗು ಬರುವುದು ಸಹಜ.

ಆದರೆ ಮೇಲಿನ ಸೀಮೆಯಲ್ಲಿ ಮಳೆ ಜೋರಾಗಿ ಹಿಡಿಯಿತೆಂದರೆ ಕಥೆ ಬೇರೆ. ಮೊದಲ ಮಳೆಯ ನೀರು ಎರೆಯ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಬಳಿಕ ನೆಲ ಹಂಚಿನಂತಾಗಿ, ಮೇಲೆ ಬಿದ್ದ ನೀರೆಲ್ಲ ಹಳ್ಳದ ದಾರಿ ಹಿಡಿಯುತ್ತದೆ. ಹಳ್ಳಕ್ಕೋ ಇಳಿಜಾರಿಲ್ಲ, ಹಾವಿನಂತೆ ಸುತ್ತಿಸುತ್ತಿ ಹರಿಯುವ ಪಾತ್ರದಲ್ಲಿ ಹೂಳು ತುಂಬಿದೆ, ಮುಳ್ಳುಜಾಲಿ ಬೆಳೆದಿದೆ. ಮುಂದಕ್ಕೆ ಓಡಲಾರದ ನೀರು ಎಡಕ್ಕೂ ಬಲಕ್ಕೂ ಹರಡಿ ನಿಂತ ಬೆಳೆಯನ್ನು ಹಾಸಿಗೆಯಂತೆ ಮಲಗಿಸುತ್ತದೆ. ೨೦೦೯ರ ನೆರೆಯಲ್ಲಿಯೂ ೨೦೧೯ರ ಆಗಸ್ಟಿನ ನೆರೆಯಲ್ಲಿಯೂ ಇದೇ ಆಯಿತು. ಹೆಸರು ಬೆಣ್ಣೆಯಾದರೂ ಹಿಡಿತ ಬೆಣ್ಣೆಯದಲ್ಲ. ನೆರೆ ಇಳಿದ ಮೇಲೆ ಹೊಲದ ಮೇಲೆ ಹೊಸ ಮೆಕ್ಕಲು ನಿಂತಿರುತ್ತದೆ. ದರಾಗಾದವರು ಬೂದಿಯಲ್ಲಿ ಬಿತ್ತಿದಂತೆ ಇಲ್ಲಿಯವರು ಆ ಮೆಕ್ಕಲಿನಲ್ಲಿಯೇ ಹಿಂಗಾರಿಗೆ ಮತ್ತೆ ಕೂರಿಗೆ ಹೂಡುತ್ತಾರೆ.

ಇಷ್ಟಾದರೂ ಜನರಿಗೆ ಈ ಹಳ್ಳದ ಮೇಲೆ ಭಕ್ತಿಯುಂಟು. ನವಲಗುಂದಕ್ಕೆ ಅನತಿದೂರದ ಯಮನೂರು ಹಳ್ಳದ ದಂಡೆಯ ಊರು. ಅಲ್ಲಿಯ ಸಂತನನ್ನು ಹಿಂದೂಗಳು ಚಾಂಗದೇವನೆಂದು ಪೂಜಿಸುತ್ತಾರೆ; ಮುಸಲ್ಮಾನರು ರಾಜಾಬಾಗಸವಾರನೆಂದು ಕರೆದು ನಡೆದುಕೊಳ್ಳುತ್ತಾರೆ. ಹುಲಿಯನ್ನೇರಿ ಬಂದವನು ಆತ ಎಂಬುದು ಇಬ್ಬರೂ ಒಪ್ಪಿದ ಮಾತು. ಜಾತ್ರೆಗೆ ಸಾವಿರಾರು ಜನ ಸೇರಿ ಬೆಣ್ಣಿಹಳ್ಳದಲ್ಲಿ ಮುಳುಗೇಳುತ್ತಾರೆ. ಆ ಸ್ನಾನದಿಂದ ಚರ್ಮರೋಗ ನೀಗುತ್ತದೆಂದೂ, ಹಳ್ಳದ ನೀರನ್ನೆರೆದರೆ ದೀಪ ಉರಿಯುತ್ತದೆಂದೂ ನಂಬಿಕೆ. ನೀರಿಗೆ ಹಂಬಲಿಸುವ ಸೀಮೆಯಲ್ಲಿ ನೀರೇ ಎಣ್ಣೆಯಾಗುವ ಕಥೆ ಹುಟ್ಟಿದ್ದು ಉಚಿತವಾಗಿಯೇ ಇದೆ.

ಬೆಳ್ವೊಲದಿಂದ ಮುಂಬಯಿಯವರೆಗೆ

ಶಾಸನಗಳ ಕಾಲದಲ್ಲಿ ಈ ಸೀಮೆ ಬೆಳ್ವೊಲ ಮುನ್ನೂರರ ಪಾಲಾಗಿತ್ತು. ಬೆಳೆಯುವ ಹೊಲಗಳ ನಾಡೆಂಬುದು ಅದರ ಹೆಸರಿನಲ್ಲಿಯೇ ಇದೆ. ಅದರ ರಾಜಧಾನಿ, ಬಹುಕಾಲ ನವಲಗುಂದ ತಾಲೂಕಿಗೇ ಸೇರಿದ್ದು ಈಚಿನ ವರ್ಷಗಳಲ್ಲಿ ತಾನೇ ತಾಲೂಕಾದ ಅಣ್ಣಿಗೇರಿ. ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯ ಆ ವೈಭವದ ಸಾಕ್ಷಿಯಾಗಿ ಇಂದಿಗೂ ಅಲ್ಲಿ ನಿಂತಿದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಮನೆತನದವಳೆಂಬುದನ್ನು ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಕೊರೆಯಿಸಿದ್ದಾನೆ. ಕನ್ನಡದ ಮೊದಲ ಮಹಾಕವಿಗೆ ಎದೆಹಾಲೆರೆದ ತಾಯಿ ಈ ಕಪ್ಪುನೆಲದ ಮಗಳು.

ರಾಜ್ಯಗಳು ಬಂದುವು, ಹೋದುವು. ವಿಜಯನಗರದ ಬಳಿಕ ವಿಜಾಪುರದ ಆದಿಲಶಾಹಿ, ೧೬೮೬ರಲ್ಲಿ ಅದೂ ಔರಂಗಜೇಬನಿಗೆ ಸೋತ ಮೇಲೆ ಮೊಗಲರು, ಆಮೇಲೆ ಹೈದರ ಟಿಪ್ಪುಗಳ ದಂಡು, ಪೇಶವೆಯರ ಕುದುರೆ. ಬೆಳೆವ ಹೊಲವಿದ್ದಲ್ಲಿ ಕಂದಾಯ ಕೇಳುವವರಿಗೆ ಕೊರತೆಯೇ? ೧೮೧೭ರಲ್ಲಿ ಮರಾಠರಿಗೂ ಇಂಗ್ಲಿಷರಿಗೂ ಕಡೆಯ ಯುದ್ಧ ಹೂಡಿದಾಗ ಥಾಮಸ್ ಮನ್ರೋ ಧಾರವಾಡದಲ್ಲಿದ್ದನು. ಅವನ ಬಳಿ ಸಾಕಷ್ಟು ದಂಡಿರಲಿಲ್ಲ. ರಾಮರಾವ್ ಎಂಬ ದೇಶೀಯ ಸುಬೇದಾರನನ್ನು ನವಲಗುಂದದ ಕಡೆಗೆ ಕಳುಹಿದನು. ರಾಮರಾಯನು ಸ್ಥಳದ ಜನರನ್ನೇ ಕೂಡಿಸಿಕೊಂಡು ಅಲ್ಪಕಾಲದಲ್ಲಿಯೇ ಅರ್ಧಕ್ಕೂ ಹೆಚ್ಚು ಸೀಮೆಯನ್ನು ವಶಪಡಿಸಿಕೊಂಡು, ನವಲಗುಂದದಲ್ಲಿ ೭೦೦ ಕುದುರೆಗಳೊಡನೆ ಬೀಡುಬಿಟ್ಟಿದ್ದ ಬಾಪು ಗೋಖಲೆಯ ಮಗನನ್ನು ಸೋಲಿಸಿದನು. ಅಂದಿನಿಂದ ೧೯೪೭ರವರೆಗೆ ಇಂಗ್ಲಿಷರ ಆಳಿಕೆ. ೧೯೫೬ರ ನವೆಂಬರಿನಲ್ಲಿ ಕನ್ನಡ ನಾಡು ಒಂದಾಗುವವರೆಗೆ ಮುಂಬಯಿಯ ಸೀಮೆ.

ನವಲಗುಂದದ ದೇಸಗತಿಯ ಹೆಸರನ್ನು ಇಂದಿಗೂ ಉಳಿಸಿರುವುದು ಕೋಟೆಯಲ್ಲ, ಒಂದು ಮೃತ್ಯುಪತ್ರ. ಶಿರಸಂಗಿ-ನವಲಗುಂದ ಸಂಸ್ಥಾನದ ಲಿಂಗರಾಜ ದೇಸಾಯಿಯವರು (೧೮೬೧-೧೯೦೬) ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು ತೀರಿಕೊಂಡರು. ಆ ನಿಧಿಯ ನೆರವಿನಿಂದ ಓದಿ ಮುಂದೆ ಬಂದವರು ಉತ್ತರ ಕರ್ನಾಟಕದಲ್ಲೆಲ್ಲ ಇದ್ದಾರೆ. ೧೯೩೩ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜಿಗೂ ಅವರ ಹೆಸರೇ ಬಂದಿತು. ಎರೆಯ ಹೊಲದ ಕಂದಾಯ ಕಡೆಗೊಮ್ಮೆ ಎರೆಯ ಮಕ್ಕಳಿಗೇ ತಿರುಗಿ ಬಂದ ಅಪರೂಪದ ಪ್ರಸಂಗವಿದು.

ಅಜ್ಜನ ಮಠ, ಜಮಖಾನದ ಗಲ್ಲಿ

ಊರೊಳಗೆ ಬಂದವರು ನೋಡದೆ ಹೋಗಬಾರದ ಸ್ಥಳ ಅಜಾತ ನಾಗಲಿಂಗಸ್ವಾಮಿಗಳ ಮಠ. ಹತ್ತೊಂಬತ್ತನೆಯ ಶತಮಾನದ ಈ ಅವಧೂತರು ಶಿಶುನಾಳದ ಶರೀಫರಿಗೂ ಹುಬ್ಬಳ್ಳಿಯ ಸಿದ್ಧಾರೂಢರಿಗೂ ಆಪ್ತರಾಗಿದ್ದವರು. ಜಾತಿಮತಗಳ ಗೋಡೆಯನ್ನು ಮಾತಿನಿಂದಲ್ಲ, ನಡತೆಯಿಂದ ಒಡೆದವರು. ಅವರ ಮಠದಲ್ಲಿ ಹಳೆಯ ಬೈಬಲ್ಲೊಂದನ್ನು ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಪಾದ್ರಿಯೊಬ್ಬರು ತಂದ ಆ ಗ್ರಂಥಕ್ಕೆ ಅಜ್ಜನವರು ತೂತು ಹೊಡೆದರೆಂದೂ, ಆ ತೂತು ವರ್ಷದಿಂದ ವರ್ಷಕ್ಕೆ ತಾನಾಗಿಯೇ ಮುಚ್ಚಿಕೊಳ್ಳುತ್ತಿದೆಯೆಂದೂ ಭಕ್ತರು ಹೇಳುತ್ತಾರೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಒಂದು ಮತದ ಮಠದಲ್ಲಿ ಇನ್ನೊಂದು ಮತದ ಗ್ರಂಥಕ್ಕೆ ಇಷ್ಟು ಕಾಲ ಸಲ್ಲುತ್ತ ಬಂದ ಗೌರವ ಮಾತ್ರ ಕಣ್ಣಾರೆ ಕಾಣುವ ಸಂಗತಿ. ಹೋಳಿಯ ಹುಣ್ಣಿಮೆಗೆ ಇದೇ ಊರಿನ ರಾಮಲಿಂಗ ಕಾಮಣ್ಣನ ದರ್ಶನಕ್ಕೆಂದು ದೂರದೂರದಿಂದ ಜನ ಬರುತ್ತಾರೆ. ಬೇರೆಡೆ ಕಾಮಣ್ಣನೆಂದರೆ ಸುಡುವ ದೇವರು. ಇಲ್ಲಿ ಬೇಡಿದ್ದನ್ನು ಕೊಡುವ ದೇವರು. ಮಕ್ಕಳಾಗಲೆಂದು, ನೌಕರಿ ಸಿಗಲೆಂದು ಹರಕೆ ಹೊರುವವರ ಸಾಲು ರಾತ್ರಿಯವರೆಗೂ ಮುಗಿಯುವುದಿಲ್ಲ.

ಗುಡ್ಡದಿಂದ ಮರೆಯಾದ ನವಿಲು ಊರಿನ ಒಂದು ಓಣಿಯಲ್ಲಿ ಇನ್ನೂ ಉಳಿದಿದೆ. ಅದು ಜಮಖಾನದ ಗಲ್ಲಿ. ವಿಜಯನಗರಕ್ಕೂ ಆದಿಲಶಾಹಿಗೂ ಯುದ್ಧ ನಡೆದ ಕಾಲದಲ್ಲಿ ವಿಜಾಪುರವನ್ನು ಬಿಟ್ಟು ಬಂದ ನೇಕಾರ ಮನೆತನಗಳು ಇಲ್ಲಿ ನೆಲೆಸಿದುವೆಂದು ಹೇಳಿಕೆ. ಇಲ್ಲಿ ನೇಯುವವರು ಮುಸಲ್ಮಾನ ಹೆಣ್ಣುಮಕ್ಕಳು. ಮನೆಯೊಳಗೇ ಗೋಡೆಗೆ ಎದುರಾಗಿ ನಿಲ್ಲಿಸಿದ ಮರದ ಮಗ್ಗ. ಅದರ ಮುಂದೆ ಇಬ್ಬರು ಮಗ್ಗುಲು ಮಗ್ಗುಲಾಗಿ ಕುಳಿತು, ಬಣ್ಣ ಕಟ್ಟಿದ ನೂಲನ್ನು ಬೆರಳಿನಿಂದಲೇ ಹಾಯಿಸಿ, ಬಾಚಣಿಗೆಯಂಥ ಕಬ್ಬಿಣದ ಸಾಧನದಿಂದ ಬಡಿದು ಕೂಡಿಸುತ್ತಾರೆ. ಎದುರಿಗೆ ಬರೆದ ಚಿತ್ರವಿರುವುದಿಲ್ಲ, ಲೆಕ್ಕವೆಲ್ಲ ತಲೆಯಲ್ಲಿ. ನಡುವೆ ಪಗಡೆಯ ಹಾಸು, ಸುತ್ತಲೂ ನವಿಲು. ನಮಾಜಿಗೆಂದು ನೇಯುವ ಜಾನಮಾಜ್ ಬೇರೆ, ಪಟ್ಟೆಪಟ್ಟೆಯ ಗುಡಾರ ಬೇರೆ. ಹಿಂದೂಗಳ ಮದುವೆಯ ಚಪ್ಪರದಲ್ಲಿ ಬೀಗರನ್ನು ಕೂಡಿಸಲು ಹಾಸುವ ಜಮಖಾನವೂ ದರ್ಗೆಯಲ್ಲಿ ಹಾಸುವ ಜಮಖಾನವೂ ಒಂದೇ ಕೈಯಿಂದ ಇಳಿದುವು. ಅಡಿಯಲ್ಲಿ ಬೆಳೆದ ಹತ್ತಿಯ ನೂಲು, ಮೇಲೆ ಊರಿನ ಹೆಸರಿನ ಹಕ್ಕಿ. ನವಲಗುಂದವನ್ನು ಮಡಿಸಿ ಮನೆಗೆ ಒಯ್ಯಬೇಕೆಂದರೆ ಇದಕ್ಕಿಂತ ತಕ್ಕ ವಸ್ತುವಿಲ್ಲ. ಇದಕ್ಕೆ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ಆದರೆ ಮಗ್ಗದ ಮುಂದೆ ಕೂಡುವವರ ಸಂಖ್ಯೆ ಕಡಿಮೆಯಾಗುತ್ತ ಬಂದಿದೆ. ದಿನಗಟ್ಟಲೆ ಕುಳಿತು ನೇಯ್ದುದಕ್ಕೆ ಸಿಗುವ ಕೂಲಿ ಗಿರಣಿಯ ಅಗ್ಗದ ಚಾಪೆಯ ಮುಂದೆ ನಿಲ್ಲುವುದು ಹೇಗೆ?

ಎರಡನೆಯ ನವಿಲು

ಮತ್ತೆ ನೀರಿನ ಮಾತಿಗೆ ಬರಬೇಕು. ಎರೆಯ ನೆಲದಲ್ಲಿ ಬಾವಿ ತೋಡಿದರೆ ಬರುವುದು ಬಹುಮಟ್ಟಿಗೆ ಸವಳು ನೀರು. ಬೆಳೆ ಬಂಗಾರವಾದರೂ ಬಾಯಿಗೆ ಸಿಹಿನೀರಿಲ್ಲ. ಆದಕಾರಣ ಈ ಸೀಮೆಯ ಊರುಗಳೆಲ್ಲ ಕೆರೆಯ ಸುತ್ತ ಬೆಳೆದುವು. ನವಲಗುಂದದ ನೀಲಮ್ಮನ ಕೆರೆಯ ಹೆಸರು ಇಲ್ಲಿಯ ಮಕ್ಕಳಿಗೆ ತಮ್ಮ ಮನೆತನದ ಹೆಸರಿನಷ್ಟೇ ಪರಿಚಿತ. ಎರಡು ಕೊಡ ಸಿಹಿನೀರಿಗೆ ಮೈಲಿಗಟ್ಟಲೆ ನಡೆದ ಹೆಣ್ಣುಮಕ್ಕಳ ಕಾಲುದಾರಿಗಳು ಈ ಸೀಮೆಯ ಯಾವ ನಕಾಶೆಯಲ್ಲಿಯೂ ಇಲ್ಲ.

ಸವದತ್ತಿಯ ಬಳಿ ಮಲಪ್ರಭೆ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಹಾಯುವ ಸ್ಥಳಕ್ಕೆ ನವಿಲುತೀರ್ಥವೆಂದು ಹೆಸರು. ಅಲ್ಲಿಯೇ ೧೯೭೨ರಲ್ಲಿ ಅಣೆಕಟ್ಟು ಎದ್ದು ನಿಂತಿತು. ೩೭.೭೩ ಟಿಎಂಸಿ ನೀರು ಹಿಡಿಯುವ ರೇಣುಕಾಸಾಗರದಿಂದ ಕಾಲುವೆಗಳು ನವಲಗುಂದ, ನರಗುಂದ, ರೋಣಗಳ ಎರೆಗೆ ಇಳಿದುವು. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. ನವಿಲುತೀರ್ಥದ ನೀರು ನವಿಲುಗುಡ್ಡಕ್ಕೆ ಬಂದಿತೆಂದು ಜನ ಹಿಗ್ಗಿದರು. ಅದೇ ವರ್ಷ ಧಾರವಾಡದ ಕೃಷಿವಿಜ್ಞಾನಿ ಡಾ. ಬಿ. ಎಚ್. ಕಾತರಕಿಯವರು ರೂಪಿಸಿದ ವರಲಕ್ಷ್ಮಿ ಎಂಬ ಸಂಕರಜಾತಿಯ ಹತ್ತಿ ಹೊರಬಂದಿತು. ನೀರು ಬಂದಿತು, ಹೊಸ ಬೀಜ ಬಂದಿತು; ಇನ್ನೇನು ಬೇಕು?

ಆದರೆ ಎಣಿಕೆ ತಪ್ಪಿತು. ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟಲಿಲ್ಲ. ಮುಟ್ಟಿದ ಕಡೆ ಎರೆ ನೀರನ್ನು ಬಿಟ್ಟುಕೊಡದೆ ಜೌಗಾಗಿ ಸವಳು ಮೇಲೆದ್ದಿತು. ಹತ್ತಿಯ ಬೆಲೆ ಕುಸಿಯಿತು. ಇಂಥ ಹೊತ್ತಿನಲ್ಲಿ, ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಸರಕಾರ ವಿಧಿಸಿದ ಅಭಿವೃದ್ಧಿ ಕರವೂ ನೀರಿನ ಕರದ ಬಾಕಿಯೂ ಒಟ್ಟಿಗೆ ರೈತನ ಬಾಗಿಲಿಗೆ ಬಂದುವು. ಬಾರದ ನೀರಿಗೆ ಕರ! ರೈತರು ಸಮಿತಿ ಕಟ್ಟಿಕೊಂಡು ಕಚೇರಿಯ ಮುಂದೆ ಕುಳಿತರು. ೧೯೮೦ರ ಜುಲೈ ೨೧ರಂದು ಸಹಸ್ರಾರು ಜನ ನವಲಗುಂದದಲ್ಲಿ ಕೂಡಿದರು. ಗಲಭೆಯಾಯಿತು, ಗುಂಡು ಹಾರಿತು. ಅಳಗವಾಡಿಯ ರೈತ ಬಸಪ್ಪ ಲಕ್ಕುಂಡಿ ಮಡಿದನು. ಸುಮಾರು ೨೦ ಕಿಲೋಮೀಟರಿನ ಆಚೆ, ೧೮೫೮ರಲ್ಲಿ ಬಾಬಾಸಾಹೇಬನು ಇಂಗ್ಲಿಷರ ಮೇಲೆ ಬಂಡೆದ್ದ ನರಗುಂದದ ಗುಡ್ಡದ ಬುಡದಲ್ಲಿ, ಅದೇ ದಿನ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದನು. ಅಲ್ಲಿ ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಖಾಕಿ ತೊಟ್ಟವರೂ ಧೋತರ ಉಟ್ಟವರೂ ಒಂದೇ ನಾಡಿನ ತಾಯಂದಿರ ಮಕ್ಕಳು.

ಆ ದಿನದ ಕಿಡಿ ನಾಡೆಲ್ಲ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ೧೯೮೩ರ ಚುನಾವಣೆಯಲ್ಲಿ ಗುಂಡೂರಾಯರ ಸರಕಾರ ಸೋತಿತು. ಪ್ರತಿವರ್ಷ ಜುಲೈ ೨೧ರಂದು ನವಲಗುಂದದ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಹಿಂದೆ ತುರುಗಳನ್ನು ಕಾಯುತ್ತ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡು, ನೀರಿಗಾಗಿ ಮಡಿದವನಿಗೂ ಅದನ್ನೇ ನಿಲ್ಲಿಸಿತು.

ಕಣಕುಂಬಿಯ ಕವಲು

ಆದರೂ ನೀರಿನ ಪ್ರಶ್ನೆ ಬಗೆಹರಿಯಲಿಲ್ಲ. ಎಷ್ಟೋ ವರ್ಷ ರೇಣುಕಾಸಾಗರ ತುಂಬಲೇ ಇಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅದೇ ಬೆಟ್ಟದ ಸೀಮೆಯಲ್ಲಿ ಕಳಸಾ, ಬಂಡೂರಿ ಎಂಬ ಹಳ್ಳಗಳು ಹುಟ್ಟಿ, ಮಹದಾಯಿಯ ಕಣಿವೆಗೆ ಇಳಿದು, ಗೋವೆಯ ದಾರಿಯಿಂದ ಪಶ್ಚಿಮದ ಕಡಲನ್ನು ಸೇರುತ್ತವೆ. ಒಂದೇ ಮಳೆಯ ಹನಿ ಈಚೆ ಬಿದ್ದರೆ ನವಲಗುಂದಕ್ಕೆ, ಆಚೆ ಬಿದ್ದರೆ ಗೋವೆಗೆ. ಆ ಹಳ್ಳಗಳ ನೀರಿನಲ್ಲಿ ಒಂದು ಪಾಲನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ದಶಕಗಳ ಬೇಡಿಕೆ. ಅದಕ್ಕೆ ಗೋವೆಯ ವಿರೋಧ. ತಮ್ಮ ನದಿ ಸೊರಗೀತು, ಪಶ್ಚಿಮಘಟ್ಟದ ಕಾಡಿಗೆ ಕೇಡಾದೀತು ಎಂಬ ಅವರ ಅಂಜಿಕೆಯನ್ನೂ ತಳ್ಳಿಹಾಕುವಂತಿಲ್ಲ.

೨೦೧೦ರಲ್ಲಿ ನ್ಯಾಯಮಂಡಳಿಯೊಂದು ರಚನೆಯಾಯಿತು. ೨೦೧೫ರ ಜುಲೈಯಲ್ಲಿ ನರಗುಂದದಲ್ಲಿ ಆರಂಭವಾದ ಧರಣಿ ನವಲಗುಂದಕ್ಕೂ ಹಬ್ಬಿ ವರ್ಷಗಟ್ಟಲೆ ನಡೆಯಿತು. ೨೦೧೬ರ ಜುಲೈಯಲ್ಲಿ ಮಂಡಳಿ ಮಧ್ಯಂತರ ಬೇಡಿಕೆಯನ್ನು ತಿರಸ್ಕರಿಸಿದಾಗ ಊರಿನಲ್ಲಿ ಮತ್ತೆ ಕಲ್ಲು, ಬೆಂಕಿ, ಲಾಠಿ. ಹಿಂದೂ ಮುಸಲ್ಮಾನರು ಒಟ್ಟಿಗೆ ಮೀಯುವ ಯಮನೂರಿನ ಓಣಿಗಳಲ್ಲಿಯೂ ಪೊಲೀಸರ ಲಾಠಿ ಬೀಸಿ, ಮನೆಯಲ್ಲಿದ್ದ ಹೆಂಗಸರು ಮುದುಕರೂ ಪೆಟ್ಟು ತಿಂದರು. ಕಡೆಗೆ ೨೦೧೮ರ ಆಗಸ್ಟ್ ೧೪ರಂದು ತೀರ್ಪು ಬಂದು ಕರ್ನಾಟಕಕ್ಕೆ ಒಟ್ಟು ೧೩.೪೨ ಟಿಎಂಸಿ ದೊರೆಯಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಬಿಟ್ಟ ಪಾಲು ೩.೯ ಟಿಎಂಸಿ. ೨೦೨೦ರ ಫೆಬ್ರವರಿಯಲ್ಲಿ ತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಯಿತು. ೨೦೨೨ರ ಡಿಸೆಂಬರಿನಲ್ಲಿ ಯೋಜನಾವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಕಾಡಿನ ಮತ್ತು ವನ್ಯಜೀವಿಗಳ ಅನುಮತಿಯ ಪ್ರಶ್ನೆ ಎದ್ದಿತು. ಕಾಗದದ ಮೇಲೆ ಹರಿದಷ್ಟು ಸುಲಭವಾಗಿ ನೀರು ನೆಲದ ಮೇಲೆ ಹರಿಯುವುದಿಲ್ಲ.

ಇದು ದೂರದ ಎರೆಯ ಸೀಮೆಯ ಗೊಡವೆ, ಪಟ್ಟಣದವರಿಗೇನು ಎಂದು ಕೇಳುವವರಿದ್ದಾರು. ಹುಬ್ಬಳ್ಳಿ ಧಾರವಾಡಗಳ ಮನೆಗಳ ನಳದಲ್ಲಿ ಬರುವುದು ಇದೇ ಮಲಪ್ರಭೆಯ ನೀರು. ಬೆಳಗಿನ ಚಹಕ್ಕೆ ಇಟ್ಟ ನೀರೂ, ಅಳಗವಾಡಿಯ ಹೊಲಕ್ಕೆ ಹಾಯಬೇಕಾದ ನೀರೂ, ನೀಲಮ್ಮನ ಕೆರೆಯನ್ನು ಸೇರಬೇಕಾದ ನೀರೂ ಒಂದೇ ಜಲಾಶಯದಿಂದ ಪಾಲಾಗಿ ಬರುತ್ತವೆ. ಮಧ್ಯಾಹ್ನದ ಊಟದ ಬಿಳಿಜೋಳದ ರೊಟ್ಟಿ, ಚಟ್ನಿಯ ಮೆಣಸಿನಕಾಯಿ, ಹೋಳಿಗೆಯ ಕಡಲೆಬೇಳೆಗಳೂ ಈ ಬಯಲಿನ ಲೆಕ್ಕಕ್ಕೇ ಸೇರಿದುವು.

ಸಂಜೆಯ ಹೊತ್ತಿಗೆ ಗುಡ್ಡದ ಮೇಲೆ ನಿಂತವರಿಗೆ ಇಡೀ ಸೀಮೆ ಹಾಸಿದ ಜಮಖಾನದಂತೆ ತೋರುತ್ತದೆ. ಹೊಲದ ಬದುಗಳು ಪಟ್ಟೆ; ಕಡಲೆ, ಕುಸುಬಿ, ಜೋಳಗಳು ಬಣ್ಣ; ನಡುವೆ ಬೆಳ್ಳಿಯ ಎಳೆಯಂತೆ ಒಂದು ಕಾಲುವೆ. ಆ ಎಳೆಯಲ್ಲಿ ನೀರಿದೆಯೋ, ಬರಿದೇ ಬಿಸಿಲು ಹೊಳೆಯುತ್ತಿದೆಯೋ, ಅಷ್ಟು ಎತ್ತರದಿಂದ ತಿಳಿಯುವುದಿಲ್ಲ. ಇಳಿದು ಹೋಗಿ ನೋಡಬೇಕು. ನವಲಗುಂದದ ರೈತ ದಿನವೂ ಬೆಳಗಾಗೆದ್ದು ಮಾಡುವ ಮೊದಲ ಕೆಲಸ ಅದೇ.